ಮಾಡಿನ ಕೆಳಗೆ ನಿಂತ ಕಾವು: ಗಾಳಿ ಆಡಿಸಿ ಮನೆ ತಂಪು ಮಾಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಸಾಗರದ ಹತ್ತಿರ ಒಂದು ಹಳೇ ಹೆಂಚಿನ ಮನೆ. ಹೆಂಚಿನ ಮಾಡು (ಚಾವಣಿ), ಅದರ ಕೆಳಗೆ ಅಟ್ಟ, ಅಟ್ಟದ ಕೆಳಗೆ ಹಲಗೆ ಮುಚ್ಚಿಗೆ (ಸೀಲಿಂಗ್). ಒಂದು ಏಪ್ರಿಲ್‌ನಲ್ಲಿ ಕರೆಂಟ್ ಹೋಯಿತು ಅಂತ ಮೇಣದ ಬತ್ತಿ ತರಲು ಅಟ್ಟ ಹತ್ತಿದೆ. ಕಟ್ಟಿನಲ್ಲಿದ್ದ ಆರೂ ಬತ್ತಿಗಳು ಬಾಳೆಹಣ್ಣಿನ ಹಾಗೆ ಬಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಹೊರಗೆ ಅಷ್ಟೇನೂ ಬಿಸಿಲಿರಲಿಲ್ಲ. ಹಾಗಾದರೆ ನಮ್ಮ ತಲೆ ಮೇಲೆ ಎಷ್ಟು ಕಾವು ಕೂತಿದೆ ಅಂತ ಅವತ್ತೇ ನನಗೆ ಅರ್ಥವಾಗಿದ್ದು. ಆಮೇಲೆ ಅದನ್ನು ಇಳಿಸಲು ಏನೇನು ಮಾಡಿದೆವು, ಎಲ್ಲಿ ತಪ್ಪಿದೆವು, ಕಲಬುರಗಿಯಲ್ಲಿರುವ ಅಕ್ಕನ ಆರ್‌ಸಿಸಿ ಮನೆಗೆ ಏನು ಮಾಡಿದೆವು, ಎಲ್ಲವನ್ನೂ ನೆಂಟರು, ಗೆಳೆಯರು ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳು ಮತ್ತು ಉತ್ತರಗಳು ಇಲ್ಲಿವೆ.

ಮಾಡಿನ ಕೆಳಗೆ ಅಷ್ಟು ಕಾವು ಎಲ್ಲಿಂದ ಬರುತ್ತದೆ?

ಬಿಸಿಲು ಮೊದಲು ಕಾಯಿಸುವುದು ಹೆಂಚನ್ನು ಅಥವಾ ಶೀಟನ್ನು. ಏಪ್ರಿಲ್-ಮೇ ಮಧ್ಯಾಹ್ನ ತಗಡಿನ ಶೀಟು ಸುಲಭವಾಗಿ 60 ಡಿಗ್ರಿ ದಾಟುತ್ತದೆ. ಮುಟ್ಟಿದರೆ ಕೈ ಸುಡುತ್ತದೆ. ಆಮೇಲೆ ಆ ಕಾವು ಕೆಳಗೆ ಬರುವುದು ಎರಡು ದಾರಿಯಲ್ಲಿ. ಒಂದು, ಶೀಟಿಗೆ ತಾಗಿದ ಗಾಳಿ ಬಿಸಿಯಾಗಿ ಅಲ್ಲೇ ಮೇಲೆ ಕೂತುಬಿಡುತ್ತದೆ. ಇನ್ನೊಂದು, ಕಾದ ಶೀಟು ಒಲೆಯ ಹಾಗೆ ಕೆಳಗಿನ ಮುಚ್ಚಿಗೆಗೆ, ಗೋಡೆಗೆ, ನಮ್ಮ ನೆತ್ತಿಗೆ ನೇರವಾಗಿ ಝಳ ಬೀರುತ್ತದೆ. ಒಲೆ ಮುಂದೆ ಕೂತಾಗ ಗಾಳಿ ಬಿಸಿ ಇಲ್ಲದಿದ್ದರೂ ಮುಖ ಸುಡುತ್ತದೆ, ಅಲ್ವಾ? ಅದೇ.

ಈ ಎರಡು ದಾರಿಗಳನ್ನು ಬೇರೆ ಬೇರೆಯಾಗಿ ನೋಡದಿದ್ದರೆ ದುಡ್ಡು ಸುಮ್ನೆ ಖರ್ಚಾಗುತ್ತದೆ.

ಬರೀ ಗಾಳಿ ಆಡಿಸಿದರೆ ಸಾಕಾ?

ಬಿಸಿ ಗಾಳಿ ಹೊರಗೆ ಹೋಗುತ್ತದೆ. ಝಳ ನಿಲ್ಲುವುದಿಲ್ಲ. ಆದರೂ ನಾನು ಮೊದಲು ಗಾಳಿಯ ದಾರಿ ಮಾಡಿ ಅಂತಲೇ ಹೇಳುತ್ತೇನೆ. ಅದಕ್ಕೆ ಖರ್ಚು ಕಡಿಮೆ. ಮಳೆಗಾಲದಲ್ಲಿ ಅಟ್ಟದ ತೇವ ಆರುವುದಕ್ಕೂ, ಮರ ಕೊಳೆಯದೆ ಉಳಿಯುವುದಕ್ಕೂ ಅದೇ ಬೇಕು. ಜೊತೆಗೆ ಹಗಲೆಲ್ಲ ತುಂಬಿಕೊಂಡ ಕಾವು ಸಂಜೆ ಬೇಗ ಖಾಲಿಯಾಗುತ್ತದೆ. ರಾತ್ರಿ ನಿದ್ದೆ ಬರುವುದಕ್ಕೆ ಇದು ತುಂಬಾ ಮುಖ್ಯ.

ಅಟ್ಟಕ್ಕೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ, ಆದರೆ ಏನೂ ಫರಕ್ ಆಗಿಲ್ಲ. ಯಾಕೆ?

ನಮ್ಮ ಮನೆಯಲ್ಲಿ ಆಗಿದ್ದೂ ಇದೇ. ಮಾಡಿನ ತುದಿಯ ತ್ರಿಕೋನ ಗೋಡೆಯಲ್ಲಿ ಕಿಂಡಿ ಕೊರೆದು 12 ಇಂಚಿನ ಫ್ಯಾನ್ ಕೂರಿಸಿ ಕೊಟ್ಟು ಹೋದರು. ದೊಡ್ಡ ಸದ್ದು ಮಾಡುತ್ತಾ ತಿರುಗುತ್ತಿತ್ತು. ಎರಡು ದಿನ ಕಳೆದ ಮೇಲೆ ಅಮ್ಮ ಹೇಳಿದರು, "ನೋಡು, ಫ್ಯಾನ್ ಹಾಕಿದಾಗೆಲ್ಲ ಅಡುಗೆಮನೆ ಹೊಗೆ ನಡುಮನೆಗೆ ಬರ್ತಿದೆ."

ನಾನು ಒಂದು ಊದುಬತ್ತಿ ಹಚ್ಚಿಕೊಂಡು ಮುಚ್ಚಿಗೆಯ ಹಲಗೆ ಸಂದಿನ ಹತ್ತಿರ ಹಿಡಿದೆ. ಹೊಗೆ ನೆಟ್ಟಗೆ ಮೇಲೆ ಹೋಗಿ ಸಂದಿನೊಳಗೆ ನುಗ್ಗಿತು, ಯಾರೋ ಬಾಯಿಂದ ಎಳೆದುಕೊಂಡ ಹಾಗೆ. ಆಗ ವಿಷಯ ಗೊತ್ತಾಯಿತು. ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುತ್ತಿದೆ. ಆದರೆ ಅಟ್ಟಕ್ಕೆ ಹೊರಗಿನ ಗಾಳಿ ಬರಲು ದಾರಿಯೇ ಇಲ್ಲ. ಅದಕ್ಕೇ ಅದು ಕೆಳಗಿನ ಕೋಣೆಗಳ ಗಾಳಿಯನ್ನು ಸಂದಿಗಳಿಂದ ಎಳೆಯುತ್ತಿದೆ. ಸೂರಿನ ಕೆಳಗಿನ ಸಂದಿಗಳನ್ನು ಹಿಂದಿನ ವರ್ಷ ನಾವೇ ಇಲಿ ಬರುತ್ತದೆ ಅಂತ ಸಿಮೆಂಟ್ ತುಂಬಿ ಮುಚ್ಚಿಸಿದ್ದೆವು.

ಸೂರಿನ ಉದ್ದಕ್ಕೂ ಆ ಸಿಮೆಂಟ್ ಒಡೆಸಿ, ಅಲ್ಲಿಗೆ ಜಾಲರಿ ಹೊಡೆಸಿದೆವು. ಅದೇ ಫ್ಯಾನ್, ಅದೇ ಜಾಗ. ಈ ಸಲ ಊದುಬತ್ತಿಯ ಹೊಗೆ ಹಲಗೆ ಸಂದಿನ ಹತ್ತಿರ ಸುಮ್ಮನೆ ಸುತ್ತುತ್ತಾ ನಿಂತಿತು. ಸಂಜೆ 7 ಗಂಟೆಗೆ ಅಟ್ಟ ಹತ್ತಿದರೆ ಉಸಿರಾಡಲು ಆಗುತ್ತಿತ್ತು.

ಹಾಗಾಗಿ ಎಲ್ಲರಿಗೂ ನನ್ನ ಮಾತು ಒಂದೇ. ಗಾಳಿ ಹೋಗುವ ಕಿಂಡಿ ಮಾಡುವ ಮೊದಲು ಗಾಳಿ ಬರುವ ಕಿಂಡಿ ಮಾಡಿ. ಬರುವುದು ಆದಷ್ಟು ಕೆಳಗೆ, ಸೂರಿನಲ್ಲಿ. ಹೋಗುವುದು ಆದಷ್ಟು ಮೇಲೆ, ಮಾಡಿನ ನೆತ್ತಿಯಲ್ಲಿ. ಎರಡರ ನಡುವೆ ಎತ್ತರ ಹೆಚ್ಚಿದಷ್ಟೂ ಫ್ಯಾನ್ ಇಲ್ಲದೆಯೂ ಗಾಳಿ ತಾನೇ ಹರಿಯುತ್ತದೆ. ಆ ಎತ್ತರ ನಾಲ್ಕು ಪಟ್ಟಾದರೆ ಹರಿವು ಸುಮಾರು ಎರಡು ಪಟ್ಟಾಗುತ್ತದೆ. ಎರಡು ಕಿಂಡಿಯನ್ನೂ ಒಂದೇ ಎತ್ತರದಲ್ಲಿ ಇಟ್ಟರೆ ಹೊರಗಿನ ಗಾಳಿ ಬೀಸಿದಾಗ ಮಾತ್ರ ಉಪಯೋಗ.

ಕಿಂಡಿ ಎಷ್ಟು ದೊಡ್ಡದಿರಬೇಕು?

ಮುಚ್ಚಿಗೆಯ ವಿಸ್ತೀರ್ಣದ 150ರಲ್ಲಿ ಒಂದು ಪಾಲು ತೆರೆದಿರಬೇಕು ಅನ್ನುವುದು ಕಟ್ಟಡದ ಕೆಲಸದಲ್ಲಿ ತುಂಬಾ ಕಡೆ ಬಳಸುವ ಲೆಕ್ಕ. ಮೇಲೆ ಅರ್ಧ, ಕೆಳಗೆ ಅರ್ಧ ಸರಿಯಾಗಿ ಹಂಚಿದ್ದರೆ 300ರಲ್ಲಿ ಒಂದು ಪಾಲೂ ನಡೆಯುತ್ತದೆ ಅನ್ನುತ್ತಾರೆ. ನಮ್ಮ ಬಿಸಿಲಿಗೆ ನಾನು 150ರ ಲೆಕ್ಕವನ್ನೇ ಹಿಡಿಯುತ್ತೇನೆ.

20 ಅಡಿಗೆ 30 ಅಡಿ ಮನೆ ಅಂದರೆ 600 ಚದರ ಅಡಿ. ಅದಕ್ಕೆ 4 ಚದರ ಅಡಿ ತೆರಪು ಬೇಕು. 2 ಕೆಳಗೆ, 2 ಮೇಲೆ. ಕೇಳಲು ದೊಡ್ಡದು ಅನಿಸಬಹುದು. ಆದರೆ 30 ಅಡಿ ಉದ್ದದ ಎರಡೂ ಸೂರಿನಲ್ಲಿ ಒಂದೇ ಒಂದು ಇಂಚು ಸಂದು ಬಿಟ್ಟರೆ ಅದೇ 5 ಚದರ ಅಡಿ ಆಗುತ್ತದೆ. ಪಕ್ಕಾಸು (ಮಾಡನ್ನು ಹೊರುವ ಓರೆ ಮರಗಳು) ಹಿಡಿಯುವ ಜಾಗ ಕಳೆದರೂ ಬೇಕಾದ್ದಕ್ಕಿಂತ ಜಾಸ್ತಿಯೇ ಉಳಿಯುತ್ತದೆ.

ಒಂದು ಎಚ್ಚರಿಕೆ. ಜಾಲರಿ, ಪಟ್ಟಿ ಪಟ್ಟಿಯ ಮುಚ್ಚಳ ಹಾಕಿದರೆ ಗಾಳಿ ಹೋಗುವ ಜಾಗ ಕಡಿಮೆಯಾಗುತ್ತದೆ. ಸೊಳ್ಳೆ ಜಾಲರಿಯಂಥ ಸಣ್ಣ ಕಣ್ಣಿನದಾದರೆ ಕಿಂಡಿಯನ್ನು ಎರಡರಷ್ಟು ಮಾಡುವುದೇ ಒಳ್ಳೆಯದು. ಅದರ ಮೇಲೆ ಧೂಳು, ಜೇಡರ ಬಲೆ ಬೇರೆ ಕಟ್ಟುತ್ತದೆ. ವರ್ಷಕ್ಕೊಮ್ಮೆ ಪೊರಕೆ ಆಡಿಸಬೇಕು.

ಹೆಂಚಿನ ಮನೆ ಮೊದಲು ತಂಪಾಗಿತ್ತು. ಈಗ ಯಾಕೆ ಇಷ್ಟು ಸೆಕೆ?

ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಲ್ಲಿಂದ ಇಲ್ಲಿಯವರೆಗೂ ಮಂಗಳೂರು ಹೆಂಚು ಕರಾವಳಿ, ಮಲೆನಾಡಿನಲ್ಲಿ ನೆಲೆ ನಿಂತಿರುವುದಕ್ಕೆ ಮಳೆ ಒಂದೇ ಕಾರಣ ಅಲ್ಲ. ಒಂದು ಹೆಂಚು ಇನ್ನೊಂದಕ್ಕೆ ಕೊಂಡಿ ಹಾಕಿ ಕೂರುತ್ತದೆ. ನೀರು ಒಳಗೆ ಬರುವುದಿಲ್ಲ, ಆದರೆ ಗಾಳಿ ಆ ಸಂದಿಗಳಲ್ಲಿ ಹೊರಗೆ ಹೋಗುತ್ತದೆ. ಹಳೇ ಮಾಡು ಇಡೀ ಉಸಿರಾಡುತ್ತಿತ್ತು. ನಮ್ಮಜ್ಜಿ ಬೆಳಿಗ್ಗೆ ಒಲೆ ಹಚ್ಚಿದರೆ ಹೆಂಚಿನ ಸಂದಿಯಿಂದೆಲ್ಲ ಹೊಗೆ ಏಳುವುದು ಅಂಗಳದಿಂದ ಕಾಣುತ್ತಿತ್ತು.

ಈಗ ನಾವು ಏನು ಮಾಡಿದ್ದೇವೆ? ಸೋರುತ್ತದೆ ಅಂತ ಹೆಂಚಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದ್ದೇವೆ. ನೆತ್ತಿಯ ಹೆಂಚಿಗೆ ಸಿಮೆಂಟ್ ಮೆತ್ತಿದ್ದೇವೆ. ಮೇಲೆ ದಪ್ಪ ಬಣ್ಣ ಬಳಿದಿದ್ದೇವೆ. ಸೂರು ಮುಚ್ಚಿದ್ದೇವೆ. ಗಾಜಿನ ಹೆಂಚುಗಳನ್ನು ಮಾತ್ರ ಜಾಸ್ತಿ ಮಾಡಿದ್ದೇವೆ, ಅದರಲ್ಲಿ ಬಿಸಿಲು ನೇರ ಒಳಗೇ ಬರುತ್ತದೆ. ಪ್ಲಾಸ್ಟಿಕ್ ಹಾಳೆ ಬೇಕೇ ಬೇಕು ಅಂದರೆ ನೆತ್ತಿಗೆ ಒಂದು ಗೇಣು ಮೊದಲೇ ನಿಲ್ಲಿಸಿ, ಸೂರಿನ ಗಾಳಿಗೆ ಅಡ್ಡ ಬರದ ಹಾಗೆ ಕಟ್ಟಿಸಿ. ನೆತ್ತಿಯಲ್ಲಿ ಹಾಳೆ ಇಲ್ಲದ ಆ ಭಾಗದ ಹೆಂಚು ಮಾತ್ರ ಒಡಕಿಲ್ಲದೆ ಗಟ್ಟಿಯಾಗಿರಬೇಕು.

ಹಳೇ ಮನೆಗಳಲ್ಲಿ ಕೆಳಗೊಂದು ಸಾಲು ಸೀಲಿಂಗ್ ಹೆಂಚು, ಮೇಲೊಂದು ಸಾಲು ಮಂಗಳೂರು ಹೆಂಚು ಹೊದಿಸುತ್ತಿದ್ದರು. ಈಗಲೂ ಮಾಡಿಸಬಹುದು. ಮೇಲಿನ ಹೆಂಚು ಬಿಸಿಲು ತಿನ್ನುತ್ತದೆ, ನಡುವಿನ ಸಂದು ಕಾವನ್ನು ತಡೆಯುತ್ತದೆ. ತೂಕ ಜಾಸ್ತಿ ಆಗುವುದರಿಂದ ಪಕ್ಕಾಸು, ರೀಪು (ಹೆಂಚು ಕೂರುವ ಮರದ ಪಟ್ಟಿ) ಗಟ್ಟಿ ಇದೆಯಾ ಅಂತ ಮರಗೆಲಸದ ಆಚಾರ್ರ ಹತ್ತಿರ ಮೊದಲು ತೋರಿಸಿ.

ಕಾರ್ಖಾನೆ ಶೆಡ್ ಮೇಲೆ ತಿರುಗುವ ಟರ್ಬೊ ವೆಂಟಿಲೇಟರ್ ಮನೆಗೆ ಆಗುತ್ತದಾ?

ಶೀಟ್ ಮನೆಗೆ ಆಗುತ್ತದೆ. ಕರೆಂಟ್ ಬೇಡ, ಗಾಳಿ ಬೀಸಿದರೆ ತಿರುಗುತ್ತದೆ. ನಿಂತಿದ್ದರೂ ಅದರ ಬಾಯಿಂದ ಬಿಸಿ ಗಾಳಿ ಸ್ವಲ್ಪ ಹೋಗುತ್ತಲೇ ಇರುತ್ತದೆ. ಹುಬ್ಬಳ್ಳಿ, ಗದಗ, ಚಿತ್ರದುರ್ಗದ ಕಡೆ ಬಯಲು ಗಾಳಿ ಇರುವಲ್ಲಿ ಒಳ್ಳೆಯದು. ತೋಟದ ನಡುವೆ, ಸುತ್ತ ಎತ್ತರದ ಮರಗಳಿದ್ದರೆ ಅದರಿಂದ ಹೆಚ್ಚು ನಿರೀಕ್ಷೆ ಬೇಡ. ಹೆಂಚಿನ ಮಾಡಿನಲ್ಲಿ ಅದರ ಬುಡಕ್ಕೆ ನೀರು ಇಳಿಯದ ಹಾಗೆ ಕೂರಿಸುವುದು ಕಷ್ಟ. ಅಲ್ಲಿ ನಾನು ತ್ರಿಕೋನ ಗೋಡೆಯ ಕಿಂಡಿಯನ್ನೇ ಆರಿಸುತ್ತೇನೆ.

ಕರೆಂಟ್ ಫ್ಯಾನೇ ಹಾಕುವುದಾದರೆ ಎಷ್ಟು ದೊಡ್ಡದು? ಬಿಲ್ ಎಷ್ಟು ಬರುತ್ತದೆ?

ಅದೇ 600 ಚದರ ಅಡಿಯ ಅಟ್ಟ, ಸರಾಸರಿ ಎತ್ತರ 4 ಅಡಿ ಅಂದುಕೊಳ್ಳಿ. 2,400 ಘನ ಅಡಿ ಗಾಳಿ. ಗಂಟೆಗೆ 15 ಸಲ ಅದು ಪೂರ್ತಿ ಬದಲಾಗಬೇಕು ಅಂದರೆ ನಿಮಿಷಕ್ಕೆ 600 ಘನ ಅಡಿ ಎಳೆಯುವ ಫ್ಯಾನ್ ಬೇಕು. ಡಬ್ಬದ ಮೇಲೆ ಗಂಟೆಗೆ ಇಷ್ಟು ಘನ ಮೀಟರ್ ಅಂತ ಬರೆದಿದ್ದರೆ ಸುಮಾರು 1,000 ಇರುವುದನ್ನು ನೋಡಿ. ಅದಕ್ಕೆ ಗಾಳಿ ಒಳಬರಲು ಕಡಿಮೆ ಅಂದರೂ 2 ಚದರ ಅಡಿ ತೆರಪು ಇರಲೇಬೇಕು.

50 ವಾಟ್‌ನ ಫ್ಯಾನ್ ದಿನಕ್ಕೆ 8 ಗಂಟೆ ತಿರುಗಿದರೆ ತಿಂಗಳಿಗೆ 12 ಯೂನಿಟ್. ಬೆಳಿಗ್ಗೆ 11ರಿಂದ ಸಂಜೆ 7ರವರೆಗೆ ಸಾಕು. ವೈರಿಂಗ್ ಮಾತ್ರ ಸಸಾರ ಮಾಡಬೇಡಿ. ಮಾಮೂಲಿ ಪಿವಿಸಿ ವೈರು 70 ಡಿಗ್ರಿಯವರೆಗೆ ತಡೆಯುತ್ತದೆ ಅಂತ ಲೆಕ್ಕ. ಕಾದ ಶೀಟಿಗೆ ತಾಗಿಸಿ ಎಳೆದರೆ ಅದು ಬೇಗ ಹಾಳಾಗುತ್ತದೆ. ಪೈಪಿನೊಳಗೆ, ಶೀಟಿನಿಂದ ದೂರ ಎಳೆಸಿ. ಸ್ವಿಚ್ಚು ಕೆಳಗಿರಲಿ.

ಕಿಂಡಿ ತೆರೆದರೆ ಮಳೆಗಾಲದಲ್ಲಿ ಏನು ಗತಿ?

ನಮ್ಮಲ್ಲಿ ಮುಂಗಾರಿನ ಎರಚಲು ಬರುವುದು ಹೆಚ್ಚಾಗಿ ಪಡುವಣ, ನೈಋತ್ಯದ ಕಡೆಯಿಂದ. ಹಾಗಾಗಿ ಮೇಲಿನ ದೊಡ್ಡ ಕಿಂಡಿಯನ್ನು ಮೂಡಣದ ಗೋಡೆಯಲ್ಲಿ ಇಡಿ. ಕರಾವಳಿಯಲ್ಲಿ ಬೇಸಿಗೆ ಮಧ್ಯಾಹ್ನದ ಕಡಲ ಗಾಳಿಯೂ ಪಡುವಣದಿಂದಲೇ ಬರುತ್ತದೆ. ಅದು ಪಡುವಣದ ಸೂರಿನಲ್ಲಿ ಒಳಗೆ ಬಂದು ಮೂಡಣದ ಕಿಂಡಿಯಲ್ಲಿ ಹೊರಗೆ ಹೋಗುತ್ತದೆ. ಸೂರು ಎರಡು ಅಡಿ ಮುಂದೆ ಚಾಚಿದ್ದರೆ ಅದರ ಅಡಿಯ ಸಂದಿಗೆ ಎರಚಲು ತಟ್ಟುವುದು ಕಡಿಮೆ. ಮೇಲಿನ ಕಿಂಡಿಗೆ ಕೆಳಮುಖವಾಗಿ ಓರೆ ಮಾಡಿದ ಹಲಗೆ ಪಟ್ಟಿ, ಅದರ ಮೇಲೊಂದು ಸಣ್ಣ ತಗಡಿನ ಮಾಡು ಇರಲಿ.

ಜೂನ್ ಬಂತು ಅಂತ ಎಲ್ಲವನ್ನೂ ಗೋಣಿ ತುರುಕಿ ಮುಚ್ಚಬೇಡಿ. ಮಳೆಗಾಲದಲ್ಲೂ ಅಟ್ಟಕ್ಕೆ ಗಾಳಿ ಬೇಕು. ಬಚ್ಚಲಮನೆಯ ಫ್ಯಾನನ್ನೋ ಅಡುಗೆಮನೆಯ ಚಿಮ್ನಿಯನ್ನೋ ಅಟ್ಟದೊಳಗೆ ಬಿಟ್ಟಿದ್ದರೆ ಇವತ್ತೇ ಪೈಪು ಹಾಕಿಸಿ ಹೊರಗೆ ಬಿಡಿಸಿ. ಆ ಹಬೆ, ಜಿಡ್ಡು ಎಲ್ಲ ಮರಕ್ಕೆ ಕೂರುತ್ತದೆ.

ಇಲಿ, ಅಳಿಲು, ಬಾವಲಿ ಬರುವುದಿಲ್ಲವೇ?

ಬರುತ್ತವೆ, ಜಾಲರಿ ಇಲ್ಲದಿದ್ದರೆ. ಕಾಲು ಇಂಚಿನ ಕಣ್ಣಿರುವ ಗಟ್ಟಿ ತಂತಿ ಜಾಲರಿ ಹೊಡೆಸಿ. ಪ್ಲಾಸ್ಟಿಕ್ ಜಾಲರಿಯನ್ನು ಇಲಿ ಒಂದೇ ರಾತ್ರಿಯಲ್ಲಿ ಕಡಿದು ಹಾಕುತ್ತದೆ. ಹೊಡೆಸುವ ಮುಂಚೆ ಒಳಗೆ ಯಾವುದಾದರೂ ಪ್ರಾಣಿ ಮರಿ ಹಾಕಿದೆಯಾ ನೋಡಿ. ಪಾಪ, ಒಳಗೇ ಸಿಕ್ಕಿಕೊಳ್ಳುತ್ತವೆ.

ನಮ್ಮದು ಶೀಟ್ ಮನೆ. ಮುಚ್ಚಿಗೆಯೇ ಇಲ್ಲ. ಏನು ಮಾಡಬಹುದು?

ನಿಮ್ಮ ಕಷ್ಟವೇ ಎಲ್ಲರಿಗಿಂತ ಜಾಸ್ತಿ. ಝಳ ನೇರ ಮೈಗೆ ಬೀಳುತ್ತದೆ. ಇಲ್ಲಿ ಮೂರು ಕೆಲಸ. ಶೀಟಿನ ಮೇಲ್ಮೈಗೆ ಬಿಳಿ ಬಣ್ಣ. ಎದುರುಬದುರು ಗೋಡೆಯಲ್ಲಿ, ಶೀಟಿನ ಬುಡದಲ್ಲೊಂದು, ನೆತ್ತಿಯಲ್ಲೊಂದು ಕಿಂಡಿ. ಆಮೇಲೆ ಶೀಟಿನ ಕೆಳಗೆ ಹೊಳೆಯುವ ಫಾಯಿಲ್ ಹಾಳೆ.

ಫಾಯಿಲ್ ಹಾಕುವಾಗ ಬಹಳ ಜನ ಅದನ್ನು ಶೀಟಿಗೇ ಅಂಟಿಸುತ್ತಾರೆ. ಹಾಗೆ ಮಾಡಬೇಡಿ. ಶೀಟಿಗೂ ಫಾಯಿಲ್‌ಗೂ ನಡುವೆ ಕಡಿಮೆ ಅಂದರೂ ಒಂದು ಇಂಚು ಗಾಳಿ ಸಂದು ಇರಬೇಕು. ಆ ಸಂದು ಬುಡದಿಂದ ನೆತ್ತಿಯವರೆಗೆ ತೆರೆದಿರಬೇಕು. ಆಗ ಕಾದ ಗಾಳಿ ಅಲ್ಲಿಂದಲೇ ಹೊರಗೆ ಹೋಗುತ್ತದೆ. ಹೊಳಪು ಒಂದೇ ಕಡೆ ಇದ್ದರೆ ಅದು ಕೆಳಮುಖವಾಗಿರಲಿ. ಮೇಲಿದ್ದರೆ ಧೂಳು ಕೂತು ಹೊಳಪು ಹೋಗುತ್ತದೆ. ಕೆಳಗಿನ ಹೊಳಪು ಝಳವನ್ನು ಕೋಣೆಗೆ ಬಿಡುವುದೇ ಬಹಳ ಕಡಿಮೆ.

ಸಿಮೆಂಟ್ ಶೀಟ್ ಹಳೆಯದಾಗಿದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಹೆಚ್ಚು. ಅದನ್ನು ಕೊರೆಯಬೇಡಿ, ಕತ್ತರಿಸಬೇಡಿ, ಬ್ರಶ್ ಹಾಕಿ ಉಜ್ಜಬೇಡಿ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹತ್ತಾರು ವರ್ಷ ಕಳೆದ ಮೇಲೂ ಕ್ಯಾನ್ಸರ್ ಬರಬಹುದು. ಅಂಥ ಮನೆಯಲ್ಲಿ ಕಿಂಡಿಯನ್ನು ಗೋಡೆಯಲ್ಲೇ ಮಾಡಿಸಿ, ಶೀಟಿನ ತಂಟೆಗೆ ಹೋಗಬೇಡಿ.

ಅಡಿಕೆ ಸೋಗೆ, ತೆಂಗಿನ ಗರಿ ಹೊದಿಸುವುದೂ ನಿಜಕ್ಕೂ ತಂಪು. ಆದರೆ ಒಲೆಯ ಹೊಗೆಗೊಳವೆ ಹತ್ತಿರ, ವೈರು ಹಾದುಹೋಗುವ ಕಡೆ ಬೇಡ. ಒಂದು ಕಿಡಿ ಸಾಕು.

ಆರ್‌ಸಿಸಿ ಮನೆಯಲ್ಲಿ ಅಟ್ಟವೇ ಇಲ್ಲವಲ್ಲ. ಅಲ್ಲಿ ಗಾಳಿ ಆಡಿಸುವುದು ಹೇಗೆ?

ಅಕ್ಕನ ಮನೆ ಕಲಬುರಗಿಯಲ್ಲಿ, ಮೇಲಿನ ಮಹಡಿ. ಮೇ ತಿಂಗಳಲ್ಲಿ ಅಲ್ಲಿ 42 ಡಿಗ್ರಿ ಅನ್ನುವುದು ಹೊಸ ಸುದ್ದಿಯಲ್ಲ. ರಾತ್ರಿ 9 ಗಂಟೆಗೆ ಸ್ಟೂಲ್ ಹತ್ತಿ ಸೀಲಿಂಗ್‌ಗೆ ಅಂಗೈ ಇಟ್ಟರೆ ಆಗತಾನೆ ರೊಟ್ಟಿ ಬೇಯಿಸಿ ಇಳಿಸಿದ ಹಂಚಿನ ಹಾಗೆ ಬೆಚ್ಚಗಿತ್ತು. ಹೊರಗೆ ಆಗಲೇ ಗಾಳಿ ತಂಪಾಗುತ್ತಿತ್ತು. ನಾಲ್ಕೈದು ಇಂಚಿನ ಕಾಂಕ್ರೀಟ್ ಹಗಲೆಲ್ಲ ಕಾವು ಕುಡಿಯುತ್ತದೆ, ಮೂರ್ನಾಲ್ಕು ಗಂಟೆ ತಡವಾಗಿ ಕೆಳಗೆ ಬಿಡುತ್ತದೆ. ಫ್ಯಾನ್ ಹಾಕಿದರೆ ಅದೇ ಸೀಲಿಂಗ್ ಬುಡದ ಬಿಸಿ ಗಾಳಿ ಮುಖಕ್ಕೆ ಬೀಳುತ್ತದೆ.

ಹಳೇ ಮನೆಗಳಲ್ಲಿ ಸ್ಲ್ಯಾಬಿನ ಬುಡದಲ್ಲೇ, ಕಿಟಕಿಯ ಮೇಲೆ ವೆಂಟಿಲೇಟರ್ ಇರುತ್ತಿದ್ದವು. ಈಗಿನ ಮನೆಗಳಲ್ಲಿ ಅಂದ ಕೆಡುತ್ತದೆ, ಧೂಳು ಬರುತ್ತದೆ ಅಂತ ಬಿಟ್ಟುಬಿಟ್ಟಿದ್ದಾರೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಕಿಟಕಿಯ ನೆತ್ತಿ 7 ಅಡಿಗೆ ಮುಗಿಯುತ್ತದೆ, ಸ್ಲ್ಯಾಬ್ 10 ಅಡಿಗಿದೆ. ನಡುವಿನ 3 ಅಡಿಯ ಬಿಸಿ ಗಾಳಿಗೆ ಹೋಗಲು ಬಾಗಿಲೇ ಇಲ್ಲ. ಮಣ್ಣಿನ ಮಾಳಿಗೆ ಮನೆಯವರು ಬೆಳಕಿಂಡಿ ಬಿಡುತ್ತಿದ್ದರು. ಅದರಿಂದ ಬೆಳಕೂ ಬರುತ್ತಿತ್ತು, ಹೊಗೆ, ಕಾವೂ ಹೋಗುತ್ತಿತ್ತು.

ಅಕ್ಕನ ಮನೆಯಲ್ಲಿ ಮೆಟ್ಟಿಲ ಕೋಣೆಯ ನೆತ್ತಿಯಲ್ಲಿ ಒಂದು ಕಿಟಕಿ ತೆರೆಸಿದೆವು. ಇಡೀ ಮನೆಗೆ ಅದೇ ಚಿಮಣಿಯಾಯಿತು. ರಾತ್ರಿ 9ರ ಮೇಲೆ ಕೆಳಗಿನ ಕಿಟಕಿಗಳು, ಮೆಟ್ಟಿಲ ಮೇಲಿನ ಕಿಟಕಿ ಎಲ್ಲ ತೆರೆಯುತ್ತಾರೆ. ಬೆಳಿಗ್ಗೆ 8ಕ್ಕೆ ಎಲ್ಲ ಮುಚ್ಚಿ ಪರದೆ ಎಳೆಯುತ್ತಾರೆ. ಒಣ ಹವೆಯ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಹೀಗೇ ಮಾಡಬೇಕು. ಹಗಲು ತೆರೆದರೆ ಹೊರಗಿನ ಬೆಂಕಿಯೇ ಒಳಗೆ ಬರುತ್ತದೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಇದು ಬೇರೆ. ಅಲ್ಲಿ ಬೆವರು ಆರುವುದೇ ಮುಖ್ಯ, ಹಗಲೂ ಗಾಳಿ ಆಡುತ್ತಿರಬೇಕು.

ಇದರ ಜೊತೆಗೆ ಟೆರೇಸಿಗೆ ಬಿಳಿ ಬಳಿಯಿರಿ. ಸುಣ್ಣವಾದರೂ ಸರಿ, ಪ್ರತಿ ಬೇಸಿಗೆಗೆ ಮುಂಚೆ ಮತ್ತೆ ಬಳಿಯಬೇಕು ಅಷ್ಟೆ. ಅಹಮದಾಬಾದ್ 2013ರಲ್ಲಿ ಬಿಸಿಗಾಳಿಯನ್ನು ಎದುರಿಸಲು ಯೋಜನೆ ಮಾಡಿತು, ಆಮೇಲೆ ಅಲ್ಲಿ ಬಡವರ ಮನೆಗಳ ಮಾಡಿಗೆ ಬಿಳಿ ಬಳಿಸುವ ಕೆಲಸವೂ ನಡೆಯಿತು. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಮಾಡಿಗಾಗಿಯೇ ಒಂದು ನೀತಿ ತಂದಿದೆ. ಕಲಬುರಗಿ, ರಾಯಚೂರಿನ ಬಿಸಿಲು ಅಲ್ಲಿಯದಕ್ಕಿಂತ ಏನೂ ಕಡಿಮೆ ಇಲ್ಲ.

ಟೆರೇಸ್ ಮೇಲೆ ಕಂಬ ನಿಲ್ಲಿಸಿ ಶೀಟ್ ಹಾಕಿಸುತ್ತಾರಲ್ಲ, ಅದು ಒಳ್ಳೆಯದಾ?

ತುಂಬಾ ಒಳ್ಳೆಯದು, ನಾಲ್ಕೂ ಕಡೆ ತೆರೆದಿದ್ದರೆ. ಬಿಸಿಲು ಶೀಟಿನ ಮೇಲೆ, ಗಾಳಿ ನಡುವೆ, ಸ್ಲ್ಯಾಬ್ ನೆರಳಲ್ಲಿ. ಆದರೆ ಆಮೇಲೆ ಸಾಮಾನು ಇಡಲು ಅಂತ ಸುತ್ತ ಗೋಡೆ ಕಟ್ಟಿದರೆ ಆ ಜಾಗವೇ ದೊಡ್ಡ ಕಾದ ಅಟ್ಟ ಆಗುತ್ತದೆ. ಗಾಳಿಗೆ ಶೀಟ್ ಹಾರದಂತೆ ಕಂಬಗಳನ್ನು ಗಟ್ಟಿಯಾಗಿ ಕೂರಿಸಿ. ನಗರಸಭೆ, ಪಂಚಾಯಿತಿಯ ಅನುಮತಿ ಬೇಕಾ ಅಂತ ಮೊದಲೇ ವಿಚಾರಿಸಿ. ಸೋಲಾರ್ ಪ್ಯಾನಲ್ ಎತ್ತರಕ್ಕೆ ಹಾಕಿಸಿದರೂ ಅದರ ಕೆಳಗಿನ ಸ್ಲ್ಯಾಬಿಗೆ ಇದೇ ಲಾಭ.

ಎಸಿ ಇದೆ. ಆಗಲೂ ಇದೆಲ್ಲ ಬೇಕಾ?

ಬೇಕು. ಅಟ್ಟದ ಕಾವು ಇಳಿದರೆ ಎಸಿಯ ಕೆಲಸ ಕಡಿಮೆಯಾಗುತ್ತದೆ. ಆದರೆ ಎಸಿ ಇರುವ ಕೋಣೆಯ ಮುಚ್ಚಿಗೆಯ ಸಂದಿಗಳನ್ನು ಪೂರ್ತಿ ಮುಚ್ಚಿಸಿ. ಇಲ್ಲದಿದ್ದರೆ ಅಟ್ಟದ ಫ್ಯಾನ್ ನಿಮ್ಮ ತಂಪು ಗಾಳಿಯನ್ನೇ ಎಳೆದು ಹೊರಗೆ ಹಾಕುತ್ತದೆ.

ಫಾಲ್ಸ್ ಸೀಲಿಂಗ್ ಮಾಡಿಸಿದರೆ?

ಸ್ವಲ್ಪ ತಡೆಯುತ್ತದೆ. ಅದಕ್ಕಾಗಿಯೇ ಮಾಡಿಸಲು ಹೋಗಬೇಡಿ. ಅದೇ ದುಡ್ಡನ್ನು ಟೆರೇಸ್ ಮೇಲೆ ಹಾಕಿದರೆ ಹೆಚ್ಚು ಲಾಭ.

ಮಾಡಿಸಿದ್ದು ಕೆಲಸ ಮಾಡುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

ಎರಡು ಮಾಮೂಲಿ ಥರ್ಮಾಮೀಟರ್ ತನ್ನಿ. ಒಂದು ಅಟ್ಟದಲ್ಲಿ, ಇನ್ನೊಂದು ಹೊರಗೆ ನೆರಳಲ್ಲಿ. ಕೆಲಸಕ್ಕೆ ಮುಂಚೆ ಮೂರು ದಿನ, ಆಮೇಲೆ ಮೂರು ದಿನ, ಮಧ್ಯಾಹ್ನ 3ಕ್ಕೆ ಮತ್ತು ರಾತ್ರಿ 9ಕ್ಕೆ ಬರೆದಿಡಿ. ಎರಡರ ನಡುವಿನ ಅಂತರ ಕಡಿಮೆಯಾಗಿದೆಯಾ ನೋಡಿ. ಬರೀ ಅಟ್ಟದ ಅಂಕಿ ನೋಡಿದರೆ ಮೋಡದ ದಿನ ಮೋಸ ಹೋಗುತ್ತೀರಿ. ಪಿಸ್ತೂಲಿನ ಹಾಗಿರುವ ಇನ್‌ಫ್ರಾರೆಡ್ ಮೀಟರ್ ಫಾಯಿಲ್ ಮೇಲೆ ತಪ್ಪು ಲೆಕ್ಕ ತೋರಿಸುತ್ತದೆ. ಹೊಳೆಯುವ ಹಾಳೆಯಲ್ಲಿ ಅದಕ್ಕೆ ಬೇರೆ ವಸ್ತುಗಳ ಕಾವು ಕಾಣುತ್ತದೆ. ಊದುಬತ್ತಿಯನ್ನಂತೂ ಮರೆಯಬೇಡಿ.

ಕೈಯಲ್ಲಿ ದುಡ್ಡು ಕಡಿಮೆ ಇದೆ. ಮೊದಲು ಯಾವುದು?

ಮುಚ್ಚಿಹೋದ ಹಳೇ ಕಿಂಡಿ, ಸೂರು ತೆರೆಯುವುದು ಮೊದಲು. ಅದಕ್ಕೆ ಒಂದು ದಿನದ ಕೂಲಿ, ಜಾಲರಿ ಸಾಕು. ಆಮೇಲೆ ಬಿಳಿ ಬಣ್ಣ. ಮೂರನೆಯದು ಫಾಯಿಲ್. ಫ್ಯಾನ್ ಕೊನೆಗೆ, ಅದೂ ಇವೆಲ್ಲ ಆದ ಮೇಲೂ ಕಾವು ಇಳಿಯದಿದ್ದರೆ.

ಯಾವ ಕಾಲದಲ್ಲಿ ಮಾಡಿಸಬೇಕು?

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ. ಅಷ್ಟರೊಳಗೆ ಮುಗಿಸಿ. ದೀಪಾವಳಿ ಕಳೆದ ಮೇಲೆ ಹೆಂಚಿನ ಪಾಚಿ ಒಣಗಿ ಕಾಲು ಜಾರುವುದಿಲ್ಲ, ಮಾಡು ಹತ್ತುವವರಿಗೂ ಬಿಸಿಲು ಹಿತವಾಗಿರುತ್ತದೆ. ಹತ್ತುವಾಗ ಹೆಂಚಿನ ನಡುವೆ ಕಾಲಿಡಬೇಡಿ, ಒಂದು ಉದ್ದ ಹಲಗೆ ಹಾಸಿ ಅದರ ಮೇಲೆ ನಡೆಯಿರಿ. ಒಡೆದ ಹೆಂಚಿನ ಬದಲಿಗೆ ಅದೇ ಅಚ್ಚಿನ ನಾಲ್ಕಾರು ಹೆಂಚು ಮೊದಲೇ ತಂದಿಟ್ಟುಕೊಳ್ಳಿ. ಹಳೇ ಹೆಂಚಿಗೆ ಬೇರೆ ಕಾರ್ಖಾನೆಯ ಹೆಂಚು ಸರಿಯಾಗಿ ಕೊಂಡಿ ಕೂರುವುದಿಲ್ಲ.